ಮೊದಲು ನಿಲ್ಲಲಿ, ಕೊನೆಗೆ ಹೊಳೆಯಲಿ: ಹಳೆಯ ಬೆಂಜ್‌ಗೆ ಮರುಜೀವ, ಹಂತ ಹಂತವಾಗಿ

ಹುಬ್ಬಳ್ಳಿಯ ಗೋಕುಲ ರಸ್ತೆಯ ಒಳದಾರಿಗಳಲ್ಲಿ ಸುತ್ತಾಡುವಾಗ, ಗ್ಯಾರೇಜಿನ ಹಿತ್ತಲಲ್ಲಿ ತಾಡಪತ್ರಿ ಹೊದ್ದು ನಿಂತ ಹಳೆಯ ದೊಡ್ಡ ಕಾರೊಂದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬಾಗಿಲು ಬಿಚ್ಚಿ, ಸೀಟು ಹೊರತೆಗೆದು, ಅರ್ಧ ಬಣ್ಣ ಬಳಿದು, ದುಡ್ಡು ಮುಗಿದ ಮೇಲೆ ಹಾಗೆಯೇ ಬಿಟ್ಟ ಕಾರು ಅದು. ಅದರ ಒಡೆಯನಿಗೆ ಪ್ರೀತಿ ಕಡಿಮೆ ಇರಲಿಲ್ಲ, ಕೆಲಸದ ಕ್ರಮ ತಪ್ಪಿತ್ತು ಅಷ್ಟೆ.

ನಾನು ಮೊದಲ ಸಲ ಹಳೆಯ ಬೆಂಜ್ ತಂದಾಗ ಬಾನೆಟ್ಟಿನ ಮಾಸಿದ ಬಣ್ಣವನ್ನೇ ನೋಡುತ್ತ ನಿಂತಿದ್ದೆ. ಪಕ್ಕದಲ್ಲಿದ್ದ ಹಿರಿಯ ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ, “ಬಣ್ಣ ಆಮ್ಯಾಲ ನೋಡೂಣ್ರಿ ಸರ. ಮೊದ್ಲ ಗಾಡಿ ಸರಿಯಾಗಿ ನಿಂದರಲಿ” ಅಂದರು. ನಿಲ್ಲಬೇಕು, ತಣ್ಣಗಿರಬೇಕು, ಓಡಬೇಕು, ಕೊನೆಗೆ ಹೊಳೆಯಬೇಕು. ಈ ಬರಹದ ಹಂತಗಳೆಲ್ಲ ಇದೇ ಕ್ರಮದಲ್ಲಿವೆ. ಒಂದನ್ನು ಮುಗಿಸದೆ ಇನ್ನೊಂದಕ್ಕೆ ಹೋಗಬೇಡಿ.

ಹಂತ 1: ಕಾರು ಆರಿಸಿ

ಹೊಸಬರಿಗೆ ನಾನು ಹೇಳುವುದು ಡಬ್ಲ್ಯು 124 ಮಾದರಿಯ ಬೆಂಜ್. ಜಗತ್ತಿನ ಮಾರುಕಟ್ಟೆಗೆ 1984ರ ಕೊನೆಗೆ ಬಂದ ಈ ಕಾರನ್ನು ಭಾರತದಲ್ಲಿ 1995ರಿಂದ ಪುಣೆಯಲ್ಲಿ, ಟೆಲ್ಕೋ ಜತೆಗೂಡಿ ತಯಾರಿಸಿದರು. ಇ 220 ಎಂದರೆ 2.2 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್, ಇ 250 ಡಿ ಎಂದರೆ 2.5 ಲೀಟರಿನ ಐದು ಸಿಲಿಂಡರ್ ಡೀಸೆಲ್. ಎರಡರಲ್ಲೂ ಟೈಮಿಂಗ್ ಬೆಲ್ಟ್ ಬದಲು ಚೈನ್ ಇದೆ. ಕಂಪ್ಯೂಟರ್ ಕಾಟ ಕಡಿಮೆ, ಹೆಚ್ಚಿನ ಕೆಲಸ ಪಾನಾ ಹಿಡಿದು ಮಾಡುವಂಥದ್ದು. ಸ್ವದೇಶಿ ಕಾರೇ ಬೇಕೆನ್ನುವವರಿಗೆ ಹಿಂದೂಸ್ತಾನ್ ಮೋಟಾರ್ಸ್‌ನ ಕಾಂಟೆಸ್ಸಾ ಇದೆ. ಇಸುಝು ಎಂಜಿನ್ನಿನ 1.8 ಲೀಟರ್ ಗಾಡಿ ಹುಡುಕಿ.

ನೋಡಲು ಹೋಗುವಾಗ ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇರಲಿ. ಅದನ್ನು ತೆಳು ಬಟ್ಟೆಯಲ್ಲಿ ಸುತ್ತಿ ಮಡ್‌ಗಾರ್ಡ್, ಬಾಗಿಲಿನ ಕೆಳ ಅಂಚು, ಹಿಂದಿನ ಚಕ್ರದ ಕಮಾನಿನ ಮೇಲೆ ಆಡಿಸಿ. ಅಂಟದೆ ಜಾರಿದರೆ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ. ಆಮೇಲೆ ಜಾಕ್ ಕೊಡುವ ಜಾಗ, ಬ್ಯಾಟರಿಯ ತಳ, ಹಿಂದಿನ ಸ್ಪ್ರಿಂಗ್ ಕೂರುವ ಬಟ್ಟಲುಗಳನ್ನು ಟಾರ್ಚ್ ಹಾಕಿ ನೋಡಿ. ಎಂಜಿನ್ ಕೆಟ್ಟರೆ ರಿಪೇರಿ ಮಾಡಬಹುದು, ಆದರೆ ತುಕ್ಕು ಹಿಡಿದ ಅಡಿಪಾಯ ಹೊಸಬರ ಕೆಲಸವಲ್ಲ. ಹುಬ್ಬಳ್ಳಿಯ ಒಣ ಹವೆಯಲ್ಲಿ ಬೆಳೆದ ಗಾಡಿಯನ್ನು ಕಾರವಾರ, ಮಂಗಳೂರಿನ ಉಪ್ಪುಗಾಳಿ ತಿಂದ ಗಾಡಿಗಿಂತ ಮೊದಲು ನೋಡಿ.

ಕಾರಿಗೆ ಕೊಡುವಷ್ಟೇ ಹಣ ಕೆಲಸಕ್ಕೂ ಪಕ್ಕಕ್ಕಿಟ್ಟಿರಬೇಕು. ಅಷ್ಟಿಲ್ಲದಿದ್ದರೆ ಇನ್ನೊಂದು ವರ್ಷ ಕಾಯಿರಿ.

ಹಂತ 2: ಕಾಗದಪತ್ರ ಸರಿಮಾಡಿ

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ 5 ವರ್ಷಕ್ಕೊಮ್ಮೆ ಫಾರಂ 25 ಕೊಟ್ಟು, ಆರ್‌ಟಿಓ ತಪಾಸಣೆ ಮಾಡಿಸಿ ನವೀಕರಿಸಬೇಕು. 20 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಿದೆ. ರಾಜ್ಯದ ಹಸಿರು ತೆರಿಗೆ ಬೇರೆ. ಗಾಡಿಯ ಸಂಖ್ಯೆ ಕೆಎ 25 ಇರಲಿ, ಕೆಎ 63 ಇರಲಿ, ಆರ್‌ಸಿಯಲ್ಲಿರುವ ಚಾಸಿ ಮತ್ತು ಎಂಜಿನ್ ಸಂಖ್ಯೆಗಳು ಲೋಹದ ಮೇಲೆ ಕೆತ್ತಿದ ಸಂಖ್ಯೆಗಳಿಗೆ ಹೊಂದುತ್ತವೆಯೇ ಎಂದು ಅಕ್ಷರ ಅಕ್ಷರ ಓದಿ. ಪುಣೆ, ಮುಂಬೈ ಕಡೆಯ ಗಾಡಿಯಾದರೆ ಅಲ್ಲಿನ ನಿರಾಕ್ಷೇಪಣಾ ಪತ್ರ ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ.

‘ವಿಂಟೇಜ್ ಅಂತ ಮಾಡಿಸಿಬಿಡೋಣ’ ಎನ್ನುವವರ ಮಾತು ಕೇಳಬೇಡಿ. 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನ ಮಾತ್ರ ವಿಂಟೇಜ್. 1996ರ ಬೆಂಜ್‌ಗೆ ಆ ಯೋಗ ಬರಲು 2046 ಆಗಬೇಕು.

ಹಂತ 3: ಜಾಗ, ಪಾನಾ, ಮಿಸ್ತ್ರಿ

ಗಟ್ಟಿ ನೆಲ ಮತ್ತು ಮೇಲೊಂದು ಸೂರು ಬೇಕೇ ಬೇಕು. ನಮ್ಮ ಎರೆಮಣ್ಣಿನ ಮೇಲೆ ಜಾಕ್ ಹಚ್ಚಿದರೆ ಅದು ಹೂತು ವಾಲುತ್ತದೆ. 8ರಿಂದ 19 ಮಿ.ಮೀ. ತನಕದ ಪಾನಾ ಮತ್ತು ಸಾಕೆಟ್ ಸೆಟ್, ಟಾರ್ಕ್ ವ್ರೆಂಚ್, ಮಲ್ಟಿಮೀಟರ್, ಜಾಕ್, ಎರಡು ಜೋಡಿ ಜಾಕ್ ಸ್ಟ್ಯಾಂಡ್ ಕೊಳ್ಳಿ. ಬರೇ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಕೈಯನ್ನೂ ಚಾಚಬೇಡಿ.

ಎಲ್ಲವನ್ನೂ ನೀವೇ ಮಾಡಬೇಕಿಲ್ಲ. ಲೇತ್ ಕೆಲಸ, ರೇಡಿಯೇಟರ್ ಕೆಲಸ, ಕುಶನ್ ಕೆಲಸ ಬಲ್ಲ ಕೈಗಳು ಹುಬ್ಬಳ್ಳಿಯಲ್ಲಿ ಇವೆ. ನಿಮ್ಮ ಪಕ್ಕದಲ್ಲಿ ನಿಂತು ಕಲಿಸಲು ಒಪ್ಪುವ ಮಿಸ್ತ್ರಿಯನ್ನು ಹುಡುಕಿ. ಅವರಿಗೆ ಅವಸರ ಮಾಡಬೇಡಿ, ಕೂಲಿಯಲ್ಲಿ ಚೌಕಾಸಿ ಮಾಡಬೇಡಿ.

ಒಂದು 200 ಪುಟದ ನೋಟ್‌ಬುಕ್ ಇಡಿ. ಬಿಚ್ಚಿದ ಪ್ರತಿ ಬೋಲ್ಟನ್ನು ಸಣ್ಣ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಎಲ್ಲಿಯದು ಎಂದು ಬರೆದಿಡಿ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ.

ಹಂತ 4: ನಿಲ್ಲಲಿ

ಡಬ್ಲ್ಯು 124 ಬೆಂಜ್‌ನ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇದೆ. ಡಿಸ್ಕ್ ಚೆನ್ನಾಗಿ ಕಂಡರೂ ಅದಕ್ಕೆ ಒತ್ತಡ ಒಯ್ಯುವ ರಬ್ಬರ್ ನಳಿಕೆಗಳು ಒಳಗೊಳಗೇ ಊದಿರುತ್ತವೆ. ಪೆಡಲ್ ಒತ್ತಿದಾಗ ಎಣ್ಣೆ ಹೋಗುತ್ತದೆ, ಬಿಟ್ಟಾಗ ಬೇಗ ಮರಳುವುದಿಲ್ಲ, ಚಕ್ರ ಬಿಸಿಯಾಗುತ್ತದೆ. ಆದ್ದರಿಂದ ಯೋಚಿಸದೆ ಎಲ್ಲ ನಳಿಕೆಗಳನ್ನೂ ಬದಲಿಸಿ.

ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಎಣ್ಣೆಯ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್. ನೀರು ಹೀರಿದ ಮೇಲೆ ಅದು 155ರ ತನಕ ಇಳಿಯಬಹುದು. ಘಟ್ಟ ಇಳಿಯುವಾಗ ಎಣ್ಣೆ ಕುದ್ದು ಗುಳ್ಳೆಯೆದ್ದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಹಳೆಯದನ್ನು ಪೂರ್ತಿ ಹೊರಹಾಕಿ. ಮಾಸ್ಟರ್ ಸಿಲಿಂಡರ್‌ನಿಂದ ಅತಿ ದೂರದ ಹಿಂದಿನ ಎಡ ಚಕ್ರದಿಂದ ಶುರುಮಾಡಿ. ಆಮೇಲೆ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಚಹಾದ ಬಣ್ಣದ ಎಣ್ಣೆ ಹೋಗಿ ತಿಳಿಯಾದದ್ದು ಬರುವ ತನಕ ಬಿಡಿ. ಈ ಎಣ್ಣೆ ಬಣ್ಣವನ್ನು ತಿನ್ನುತ್ತದೆ, ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಮೇಲಿನ ಕಚ್ಚು ಎಷ್ಟೇ ಆಳವಿರಲಿ, ಹತ್ತು ವರ್ಷ ದಾಟಿದ್ದರೆ ಆ ಟೈರ್ ತೆಗೆಯಿರಿ.

ಹಂತ 5: ತಣ್ಣಗಿರಲಿ

ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ, ಸಿಗ್ನಲ್‌ನಲ್ಲಿ ನಿಂತಾಗ ಹಳೆಯ ಕಾರಿನ ನಿಜವಾದ ಪರೀಕ್ಷೆ. ಎಂಜಿನ್ ಪೂರ್ತಿ ಆರಿದ ಮೇಲೆ ಮಾತ್ರ ರೇಡಿಯೇಟರ್ ಬಿಚ್ಚಿ. ನನ್ನ ಕಾರಿನಿಂದ ಮೊದಲ ಸಲ ಇಳಿಸಿದ ನೀರು ಕೆಟ್ಟ ಬೆಲ್ಲದ ಪಾನಕದಂತಿತ್ತು, ಬಕೆಟ್ಟಿನ ತಳದಲ್ಲಿ ಕೆಂಪು ಕೆಸರು ಕೂತಿತ್ತು. ಯಾರೋ ವರ್ಷಗಟ್ಟಲೆ ಬೋರ್‌ವೆಲ್ ನೀರನ್ನೇ ತುಂಬಿದ್ದರು. ಗಡಸು ನೀರಿನ ಸುಣ್ಣ ಒಳಗೆ ಪದರಗಟ್ಟಿ ಶಾಖವನ್ನು ಹೊರಬಿಡುವುದಿಲ್ಲ.

ತಿಳಿನೀರು ಬರುವ ತನಕ ತೊಳೆದು, ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರನ್ನು ಸಮಸಮ ಬೆರೆಸಿ ತುಂಬಿ. ಥರ್ಮೋಸ್ಟಾಟ್, ಎಲ್ಲ ಹೋಸ್, ಬೆಲ್ಟ್ ಒಟ್ಟಿಗೇ ಬದಲಿಸಿ. ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ಕೊರಳು ಕಂದಾಗಿ ಬಿರುಕು ಬಿಟ್ಟಿದ್ದರೆ ರೇಡಿಯೇಟರನ್ನೇ ಬದಲಿಸಿ. ಅದು ಮುರಿಯುವುದು ಯಾವಾಗಲೂ ಊರಿನಿಂದ ದೂರದಲ್ಲಿ. ತಾಪ ತೋರಿಸುವ ಮುಳ್ಳು 80ರಿಂದ 95 ಡಿಗ್ರಿಯೊಳಗೆ ನಿಂತರೆ ನೆಮ್ಮದಿ.

ಹಳೆಯ ಕೂಲಂಟನ್ನು ಗಟಾರಕ್ಕೆ ಸುರಿಯಬೇಡಿ. ಅದು ಸಿಹಿಯಾಗಿರುತ್ತದೆ, ಆದರೆ ವಿಷ. ಬೀದಿಯ ನಾಯಿ, ದನ ನೆಕ್ಕಿದರೆ ಸಾಯುತ್ತವೆ. ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಹಳೆಯ ಆಯಿಲ್ ಮತ್ತು ಕೂಲಂಟ್ ಸಂಗ್ರಹಿಸುವ ವರ್ಕ್‌ಶಾಪಿಗೆ ಕೊಡಿ.

ಹಂತ 6: ಓಡಲಿ

ಬಹಳ ದಿನ ನಿಂತ ಎಂಜಿನ್ನನ್ನು ಕೀಲಿ ತಿರುಗಿಸಿ ಎಬ್ಬಿಸಬೇಡಿ. ಆಯಿಲ್, ಫಿಲ್ಟರ್ ಬದಲಿಸಿ. ಪೆಟ್ರೋಲ್ ಎಂಜಿನ್ನಾದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೆ ಒಂದು ಚಮಚೆ ಆಯಿಲ್ ಬಿಟ್ಟು, ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಮುಂದಿನ ಪುಲ್ಲಿಗೆ ಸಾಕೆಟ್ ಹಾಕಿ, ಎಂಜಿನ್ ಓಡುವ ದಿಕ್ಕಿನಲ್ಲೇ ಕೈಯಿಂದ ಎರಡು ಸುತ್ತು ತಿರುಗಿಸಿ. ಹಗುರಾಗಿ ತಿರುಗಿದರೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ.

ಇ 220 ಕೊಂಡವರು ಎಂಜಿನ್ ವೈರಿಂಗನ್ನು ಮರೆಯಲೇಬಾರದು. 90ರ ದಶಕದ ನಡುವಿನ ಬೆಂಜ್‌ಗಳಲ್ಲಿ ವೈರಿನ ಮೇಲ್ಹೊದಿಕೆ ಎಂಜಿನ್ ಶಾಖಕ್ಕೆ ಪುಡಿಯಾಗುತ್ತದೆ. ಕಪ್ಪು ಕೊಳವೆಯನ್ನು ಒಂದು ಬೆರಳಗಲ ಸರಿಸಿ ನೋಡಿದಾಗ ನನ್ನ ಕೈಗೆ ಒಣಶಾವಿಗೆಯಂತೆ ಚೂರುಚೂರಾಗಿ ಉದುರಿತ್ತು, ಒಳಗೆ ತಾಮ್ರ ಬೆತ್ತಲಾಗಿ ಮಿನುಗುತ್ತಿತ್ತು. ಐಡಲ್‌ನಲ್ಲಿ ನಡುಗುವುದು, ಕಾರಣವಿಲ್ಲದೆ ಬಂದ್ ಬೀಳುವುದು ಇದರ ಲಕ್ಷಣ. ಇಂಥ ಕಾರಿಗೆ ದುಬಾರಿ ಸೆನ್ಸರ್‌ಗಳನ್ನು ಬದಲಿಸುತ್ತ ಹೋದರೆ ದುಡ್ಡು ವ್ಯರ್ಥ. ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಬಳಿ, ಹಳೆಯ ಕನೆಕ್ಟರ್‌ಗಳನ್ನು ಉಳಿಸಿಕೊಂಡು, ಶಾಖ ತಡೆಯುವ ವೈರಿನಿಂದ ಒಂದೊಂದೇ ಎಳೆ ಹೊಸದು ಮಾಡಿಸಿ. ಬ್ಯಾಟರಿಯ ಮೈನಸ್ ತಂತಿ ಮೊದಲು ಬಿಚ್ಚಿರಬೇಕು.

ಈಗ ಪಂಪುಗಳಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. 1990ರ ದಶಕದ ರಬ್ಬರಿಗೆ ಅದು ಒಗ್ಗದು. ಟ್ಯಾಂಕಿನಿಂದ ಎಂಜಿನ್ ತನಕದ ರಬ್ಬರ್ ನಳಿಕೆಗಳನ್ನು ಎಥನಾಲ್ ತಡೆಯುವಂಥವಕ್ಕೆ ಬದಲಿಸಿ, ಫಿಲ್ಟರ್ ಹೊಸದು ಹಾಕಿ. ಕಾರಿನ ಬಳಿ ಪೆಟ್ರೋಲ್ ವಾಸನೆ ಬಂದರೆ ಆ ದಿನ ಸ್ಟಾರ್ಟ್ ಮಾಡಬೇಡಿ. ಬ್ಯಾಟರಿಯ ಮೇಲೆ ಮಲ್ಟಿಮೀಟರ್ ಹಿಡಿದಾಗ ಎಂಜಿನ್ ಬಂದ್ ಇದ್ದರೆ 12.6 ವೋಲ್ಟ್, ಓಡುವಾಗ 13.8ರಿಂದ 14.4 ತೋರಿಸಬೇಕು.

ಹಂತ 7: ಬುಷ್, ಬಾಲ್ ಜಾಯಿಂಟ್

ಈ ಕಾರಿನ ಸವಾರಿಯ ಮರ್ಮ ಹಿಂಭಾಗದಲ್ಲಿದೆ. ಒಂದೊಂದು ಹಿಂದಿನ ಚಕ್ರವನ್ನು ಐದೈದು ತೋಳುಗಳು ಹಿಡಿದಿವೆ. ತೋಳಿನ ತುದಿಯ ರಬ್ಬರ್ ಬುಷ್‌ಗಳು ಒಣಗಿದರೆ ಸ್ಪೀಡ್ ಬ್ರೇಕರ್ ಮೇಲೆ ‘ಟಕ್’ ಎನ್ನುತ್ತದೆ, ಹೆದ್ದಾರಿಯಲ್ಲಿ ಬಾಲ ಅಲ್ಲಾಡಿದಂತಾಗುತ್ತದೆ. ಎಡಬಲ ಜೋಡಿಯಾಗಿಯೇ ಬದಲಿಸಿ. ಕೊನೆಯ ಬಿಗಿತ ಮಾತ್ರ ಕಾರು ನೆಲಕ್ಕಿಳಿದು ತನ್ನ ಭಾರ ತಾನೇ ಹೊತ್ತು ನಿಂತಾಗ ಕೊಡಿ. ಎತ್ತಿದಲ್ಲೇ ಬಿಗಿದರೆ ಹೊಸ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಬಿಡಿಭಾಗ ಕೊಳ್ಳುವಾಗ ಚಾಸಿ ಸಂಖ್ಯೆ ಕೊಟ್ಟು ಭಾಗದ ಸಂಖ್ಯೆ ಪಡೆಯಿರಿ. ಲೆಮ್‌ಫೋರ್ಡರ್, ಬಾಷ್, ಮಾನ್ ಮುಂತಾದ ಕಂಪನಿಗಳ ಭಾಗಗಳು ಅವರದೇ ಡಬ್ಬಿಯಲ್ಲಿ, ಬೆಂಜ್ ಡಬ್ಬಿಗಿಂತ ಸಾಮಾನ್ಯವಾಗಿ ಕಡಿಮೆ ಬೆಲೆಗೆ ಸಿಗುತ್ತವೆ.

ಈಗ ಓಡಿಸಿ ನೋಡಿ. ಮೊದಲ ವಾರ ಮನೆಯ ಸುತ್ತಮುತ್ತ. ಎರಡನೆಯ ವಾರ ಉಣಕಲ್, ನವನಗರ, ರಾಯಾಪುರ ದಾಟಿ ಧಾರವಾಡಕ್ಕೆ ಹೋಗಿ ಬನ್ನಿ. ದಾರಿಯುದ್ದಕ್ಕೂ ಗ್ಯಾರೇಜು, ಜನ ಇದ್ದಾರೆ, ಕೆಟ್ಟರೂ ಭಯವಿಲ್ಲ. ಒಂದು ತಿಂಗಳು ತಾಪ ಏರದೆ, ಎಣ್ಣೆ ಸೋರದೆ ಓಡಿದ ಮೇಲೆ ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯಿರಿ. ನಾಲ್ಕನೆಯ ಹಂತದ ದುಡಿಮೆ ಏಕೆ ಬೇಕಿತ್ತು ಎಂಬುದು ಅಲ್ಲಿಯ ತಿರುವುಗಳಲ್ಲಿ ನಿಮ್ಮ ಪಾದಕ್ಕೆ ತಿಳಿಯುತ್ತದೆ.

ಹಂತ 8: ಹೊಳೆಯಲಿ

ಈಗ ಬಣ್ಣದ ಸರದಿ. ಮೊದಲು ನೀರು ಹರಿದುಹೋಗುವ ಕಿಂಡಿಗಳನ್ನು ಬಿಡಿಸಿ. ಧಾರವಾಡದ ಮರದ ನೆರಳಲ್ಲಿ ನಿಲ್ಲುವ ಕಾರಿನ ಗಾಜಿನ ಬುಡದಲ್ಲಿ ಎಲೆ ಕೊಳೆತು ತೇವ ಹಿಡಿಯುತ್ತದೆ, ತುಕ್ಕು ಹುಟ್ಟುವುದು ಅಲ್ಲೇ. ತುಕ್ಕು ಕಂಡಲ್ಲಿ ಬೆಳ್ಳಗಿನ ಲೋಹ ಕಾಣುವ ತನಕ ಉಜ್ಜಿ, ಅದೇ ದಿನ ಪ್ರೈಮರ್ ಹಚ್ಚಿ. ಬಣ್ಣದ ಸಂಕೇತ ಬಾನೆಟ್ ಕೆಳಗೆ ಮುಂಭಾಗದ ಪಟ್ಟಿಯ ಮೇಲಿನ ಫಲಕದಲ್ಲಿದೆ. ಕಾರ್ಖಾನೆಯ ಬಣ್ಣ ಇನ್ನೂ ಗಟ್ಟಿಯಿದ್ದರೆ ಪಾಲಿಶ್ ಮಾಡಿಸಿ ಉಳಿಸಿಕೊಳ್ಳಿ. ಒಮ್ಮೆ ಕೆರೆದರೆ ಅದು ಮರಳಿ ಬಾರದು.

ಚರ್ಮದ ಸೀಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಆರಿಸಿ, ಆಮೇಲೆ ಕಂಡೀಶನರ್ ಹಚ್ಚಿ. ಹರಿದ ಹೊಲಿಗೆಯನ್ನು ಕುಶನ್ ಕೆಲಸದವರು ಹಳೆಯ ತೂತುಗಳಲ್ಲೇ ಮತ್ತೆ ಹೊಲಿಯಬಲ್ಲರು.

ಹಂತ 9: ಹಬ್ಬದ ಲೆಕ್ಕದಲ್ಲಿ ಆರೈಕೆ

ತಾರೀಖು ಮರೆಯುತ್ತದೆ, ಹಬ್ಬ ಮರೆಯುವುದಿಲ್ಲ. ಹಾಗಾಗಿ ವರ್ಷದ ಕೆಲಸವನ್ನು ನಾನು ಹಬ್ಬಗಳಿಗೆ ಕಟ್ಟಿಕೊಂಡಿದ್ದೇನೆ.

- ಯುಗಾದಿ: ಬಿಸಿಲಿಗೆ ಮೊದಲು ಕೂಲಂಟ್ ಮಟ್ಟ, ಹೋಸ್, ಫ್ಯಾನ್, ಎಸಿ ತಪಾಸಣೆ. ಮೂರು ವರ್ಷಕ್ಕೊಮ್ಮೆ ಕೂಲಂಟ್ ಬದಲು.
- ಕಾರಹುಣ್ಣಿಮೆ: ಮಳೆಗೆ ಮೊದಲು ವೈಪರ್, ಬಾಗಿಲಿನ ರಬ್ಬರ್, ನೀರಿನ ಕಿಂಡಿ, ಟೈರ್. ಎರಡು ವರ್ಷಕ್ಕೊಮ್ಮೆ ಬ್ರೇಕ್ ಎಣ್ಣೆ.
- ಖಂಡೇಪೂಜೆ: ಮಳೆ ಮುಗಿದ ಮೇಲೆ ಅಡಿಭಾಗದ ಕೆಸರು ತೊಳೆದು ತುಕ್ಕು ನೋಡುವುದು, ಆಯಿಲ್, ಫಿಲ್ಟರ್, ಬ್ಯಾಟರಿ.
- ಪ್ರತಿ ಭಾನುವಾರ: ಕನಿಷ್ಠ 20 ಕಿ.ಮೀ. ಓಡಿಸುವುದು.

ಕೊನೆಯದನ್ನು ಎಂದೂ ಬಿಡಬೇಡಿ. ನಿಂತ ಕಾರಿನಲ್ಲಿ ಸೀಲು ಒಣಗುತ್ತದೆ, ಪೆಟ್ರೋಲ್ ಹಳಸುತ್ತದೆ, ಬ್ರೇಕ್ ಕಚ್ಚಿಕೊಳ್ಳುತ್ತದೆ. ನಾನು ಭಾನುವಾರ ಬೆಳಿಗ್ಗೆ ಧಾರವಾಡದಿಂದ ಹೊರಟು ನುಗ್ಗೀಕೇರಿ ಹನುಮಪ್ಪನಿಗೆ ಕೈಮುಗಿದು, ಕಲಘಟಗಿ ದಾರಿಯಲ್ಲಿ ಒಂದಷ್ಟು ದೂರ ಹೋಗಿ ಬರುತ್ತೇನೆ. ಮನೆಗೆ ಬಂದು ಎಂಜಿನ್ ಆರಿಸಿದ ಮೇಲೆ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯುತ್ತೇನೆ: ದಿನಾಂಕ, ಕಿಲೋಮೀಟರ್, ತಾಪ, ಕೇಳಿಸಿದ ಹೊಸ ಸದ್ದು. ಆಮೇಲೆ ಕಾರು ನಿಂತಲ್ಲಿ ನೆಲದ ಮೇಲೆ ಎಣ್ಣೆ ಹನಿ ಬಿದ್ದಿದೆಯೇ ಎಂದು ಬಗ್ಗಿ ನೋಡುತ್ತೇನೆ. ನೆಲ ಒಣಗಿದ್ದರೆ ಆ ವಾರದ ಕೆಲಸ ಮುಗಿದಂತೆ.