ಪಾರ್ಸೆಲ್ಲಿನ ಹೆಚ್ಚುವರಿ ಅಂಚೆ ವೆಚ್ಚ: ತೆರಬೇಕಾದವರು ಯಾರು?



ನಮ್ಮ ಸಂಘದ ಸದಸ್ಯರಲ್ಲಿ ಅನೇಕರು ಈಚಿನ ವರ್ಷಗಳಲ್ಲಿ ಕಾಫಿ ಪುಡಿ, ಕಾಳುಮೆಣಸು, ಏಲಕ್ಕಿ, ಅಡಿಕೆ ಹಾಳೆಯ ತಟ್ಟೆ ಮುಂತಾದವನ್ನು ಇಂಟರ್‌ನೆಟ್ ಮೂಲಕ ದೂರದ ಗಿರಾಕಿಗಳಿಗೆ ನೇರವಾಗಿ ಮಾರುತ್ತಿದ್ದಾರೆ. ಬೆಳೆಗಾರನ ಹೆಸರಿನಲ್ಲೇ ಮಾಲು ಊರೂರು ತಲುಪುವುದು ಸಂತೋಷದ ಸಂಗತಿ. ಆದರೆ ಇದರೊಂದಿಗೆ ಒಂದು ಹೊಸ ತಕರಾರೂ ಕಛೇರಿಗೆ ಬರತೊಡಗಿದೆ. ಪಾರ್ಸೆಲ್ ಹೊರಟ ಮೇಲೆ, ಕೆಲವೊಮ್ಮೆ ಗಿರಾಕಿಯ ಕೈ ಸೇರಿದ ಮೇಲೂ, ‘ತೂಕ ಹೆಚ್ಚಿತ್ತು, ಇಷ್ಟು ಹಣ ಬಾಕಿ’ ಎಂಬ ಪಟ್ಟಿ ಬರುತ್ತದೆ. ಆ ಹಣವನ್ನು ಯಾರು ಕೊಡಬೇಕು? ಮಾರಿದವರೇ, ಕೊಂಡವರೇ, ಅಥವಾ ಸಂಘವೇ? ಈ ಪಾಠದಲ್ಲಿ ಅದನ್ನು ಕ್ರಮವಾಗಿ ನೋಡೋಣ.

೧. ಹೆಚ್ಚುವರಿ ವೆಚ್ಚ ಹುಟ್ಟುವ ಬಗೆ

ಮೊದಲನೆಯದು ನಿವ್ವಳ ತೂಕಕ್ಕೂ ಒಟ್ಟು ತೂಕಕ್ಕೂ ಇರುವ ವ್ಯತ್ಯಾಸ. ಮಂಡಿಯಲ್ಲಿ ಅಡಿಕೆ ತೂಗುವಾಗ ಚೀಲದ ತೂಕವೆಂದು ನೂರು ಗ್ರಾಂ ಹೆಚ್ಚು ಕಳೆದರೂ ನಾವು ಬಿಡುವವರಲ್ಲ. ಅದೇ ನಾವು ಪಾರ್ಸೆಲ್ ಕಟ್ಟುವಾಗ ಪೆಟ್ಟಿಗೆಯ ತೂಕವನ್ನು ಕೂಡಿಸಲು ಮರೆಯುತ್ತೇವೆ. ಅರ್ಧ ಕಿಲೋ ಕಾಫಿ ಪುಡಿಗೆ ಪೊಟ್ಟಣ, ರಟ್ಟಿನ ಪೆಟ್ಟಿಗೆ, ಅಂಟುಪಟ್ಟಿ ಎಲ್ಲ ಸೇರಿದರೆ ಒಟ್ಟು ತೂಕ 600 ಗ್ರಾಂ ಆಗಬಹುದು. ಸಾಗಣೆಯ ದರ ಗ್ರಾಮಿಗೊಂದರಂತೆ ಏರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. 500 ಗ್ರಾಮಿನ ಮೆಟ್ಟಿಲನ್ನು ಹತ್ತು ಗ್ರಾಂ ದಾಟಿದರೂ ಮುಂದಿನ ಮೆಟ್ಟಿಲಿನ ಪೂರ್ಣ ದರ ಬೀಳುತ್ತದೆ.

ಎರಡನೆಯದು ಗಾತ್ರದ ತೂಕ. ಹಗುರವಾದರೂ ಹೆಚ್ಚು ಜಾಗ ಹಿಡಿಯುವ ಸಾಮಾನಿಗೆ ಕೊರಿಯರ್‌ನವರು ಗಾತ್ರದ ಲೆಕ್ಕದಲ್ಲಿ ದರ ಹಾಕುತ್ತಾರೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ, ಬಂದುದನ್ನು ಸಾಮಾನ್ಯವಾಗಿ 5000ದಿಂದ ಭಾಗಿಸಿದರೆ ಕಿಲೋ ಲೆಕ್ಕದ ಗಾತ್ರದ ತೂಕ ಸಿಗುತ್ತದೆ. ಈ ಭಾಜಕ ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗಬಹುದಾದ್ದರಿಂದ ಮೊದಲೇ ಕೇಳಿಕೊಳ್ಳಬೇಕು. ಹಾಳೆ ತಟ್ಟೆ ತುಂಬಿದ 30 × 30 × 25 ಸೆಂ.ಮೀ. ಪೆಟ್ಟಿಗೆಯೊಂದು ತಕ್ಕಡಿಯಲ್ಲಿ 2 ಕಿಲೋ ತೂಗಿತೆಂದು ಇಟ್ಟುಕೊಳ್ಳೋಣ. ಗಾತ್ರದ ಲೆಕ್ಕದಲ್ಲಿ ಅದು 22,500 ÷ 5000, ಅಂದರೆ 4.5 ಕಿಲೋ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೇ ದರ. ಎರಡು ಕಿಲೋ ಎಂದು ಬರೆದು ಕಳುಹಿಸಿದವರಿಗೆ ಎರಡೂವರೆ ಕಿಲೋದ ಬಾಕಿ ಪಟ್ಟಿ ಬರುವುದು ಹೀಗೆ.

ಮೂರನೆಯದು ತಪ್ಪು ವಿಳಾಸ ಅಥವಾ ನಿರಾಕರಣೆಯಿಂದ ಪಾರ್ಸೆಲ್ ಹಿಂದಿರುಗುವುದು. ನಾಲ್ಕನೆಯದು ಹೊರದೇಶದ ಸುಂಕ.

ಮೊತ್ತ ಸಣ್ಣದೆಂದು ಅಲಕ್ಷಿಸುವಂತಿಲ್ಲ. ಉದಾಹರಣೆಗೆ, ಅರ್ಧ ಕಿಲೋ ಪುಡಿಗೆ 350 ರೂ., ಸಾಗಣೆಗೆ 70 ರೂ. ಪಡೆದಿರುವಿರಿ, ಪುಡಿಯ ಅಸಲು ಮತ್ತು ಕಟ್ಟುವ ಖರ್ಚು 290 ರೂ. ಎಂದಿರಲಿ. ಉಳಿಯುವುದು 60 ರೂ. ಸಾಗಣೆಯವರು ತೂಕದ ವ್ಯತ್ಯಾಸವೆಂದು 55 ರೂ., ಅದರ ಮೇಲೆ ಶೇ. 18 ಜಿ.ಎಸ್.ಟಿ. ಹಾಕಿದರೆ ಒಟ್ಟು 64 ರೂ. 90 ಪೈಸೆ. ಹುರಿದು, ಪುಡಿ ಮಾಡಿ, ಕಟ್ಟಿ ಕಳುಹಿಸಿದ ಶ್ರಮಕ್ಕೆ ಪ್ರತಿಫಲವಿಲ್ಲದೆ ಕೈಯಿಂದಲೇ ಸುಮಾರು ಐದು ರೂಪಾಯಿ ಹೋಯಿತು.

೨. ಸಾಗಣೆಯವರಿಗೆ ಹೊಣೆ ಯಾರು?

ಇಲ್ಲಿ ಎರಡು ಸಂಬಂಧಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಒಂದು, ಕಳುಹಿಸುವವರಿಗೂ ಸಾಗಣೆಯವರಿಗೂ ಇರುವ ಸಂಬಂಧ. ಇನ್ನೊಂದು, ಮಾರುವವರಿಗೂ ಕೊಳ್ಳುವವರಿಗೂ ಇರುವ ಸಂಬಂಧ. ಇವೆರಡನ್ನೂ ಬೆರೆಸುವುದರಿಂದಲೇ ಹೆಚ್ಚಿನ ತಕರಾರುಗಳು ಹುಟ್ಟುತ್ತವೆ.

ಹಿರಿಯ ಸದಸ್ಯರಿಗೆ ‘ನಾಟ್ ಪೇಡ್’ ಕಾಗದದ ನೆನಪಿರಬಹುದು. ಅಂಚೆಚೀಟಿ ಕಡಿಮೆ ಹಚ್ಚಿದ ಕಾಗದ ಬಂದರೆ ಪೋಸ್ಟ್‌ಮನ್ ವಿಳಾಸದಾರನಿಂದಲೇ ಹಣ ಕೇಳುತ್ತಿದ್ದ. 1898ರ ಅಂಚೆ ಕಾಯಿದೆಯ 11ನೆಯ ಕಲಮಿನಂತೆ, ಬಾಕಿಯಿರುವ ಅಂಚೆಯನ್ನು ಸ್ವೀಕರಿಸಿದ ವಿಳಾಸದಾರ ಹಣ ತೆರಬೇಕಾಗಿತ್ತು. ಆತ ನಿರಾಕರಿಸಿದರೆ ಅಥವಾ ಸಿಗದಿದ್ದರೆ ಹೊಣೆ ಕಳುಹಿಸಿದವನ ಮೇಲೆ ಹಿಂದಿರುಗುತ್ತಿತ್ತು. ಆ ಕಾಯಿದೆ ಈಗಿಲ್ಲ. ಅದರ ಬದಲಿಗೆ 2023ರ ಅಂಚೆ ಕಛೇರಿ ಕಾಯಿದೆ 2024ರ ಜೂನ್ 18ರಿಂದ ಜಾರಿಗೆ ಬಂದಿದೆ. ಸೇವೆಯನ್ನು ಪಡೆದವರೇ ಅದರ ಶುಲ್ಕಕ್ಕೆ ಹೊಣೆ ಎಂದು ಹೊಸ ಕಾಯಿದೆ ಹೇಳುತ್ತದೆ. ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲು ಮಾಡಲೂ ಅವಕಾಶವಿದೆ.

ಖಾಸಗಿ ಕೊರಿಯರ್ ಆದರೆ ಕರಾರು ಆಗಿರುವುದು ಪಾರ್ಸೆಲ್ ಬುಕ್ ಮಾಡಿದವರೊಂದಿಗೆ. ಆದಕಾರಣ ತೂಕದ ವ್ಯತ್ಯಾಸದ ಹಣವನ್ನು ಅವರು ನಮ್ಮ ಖಾತೆಯಿಂದ ಮುರಿದುಕೊಳ್ಳುತ್ತಾರೆ. ಗಿರಾಕಿಗೂ ಅವರಿಗೂ ಇದರಲ್ಲಿ ಲೆಕ್ಕವಿಲ್ಲ.

೩. ಗಿರಾಕಿಯಿಂದ ಆಮೇಲೆ ಕೇಳಬಹುದೇ?

ಮಾರುವವರ ತೂಕ ಅಥವಾ ಅಳತೆ ತಪ್ಪಿದ್ದರಿಂದ ಬಂದ ವೆಚ್ಚವನ್ನು ಕೇಳುವಂತಿಲ್ಲ. 1930ರ ಸರಕು ಮಾರಾಟ ಕಾಯಿದೆಯ 36ನೆಯ ಕಲಮು, ಬೇರೆ ಒಪ್ಪಂದವಿಲ್ಲದಿದ್ದರೆ ಸರಕನ್ನು ಒಪ್ಪಿಸಲು ಸಿದ್ಧಪಡಿಸುವ ಖರ್ಚು ಮಾರುವವನದೇ ಎನ್ನುತ್ತದೆ. ಕಟ್ಟುವುದು, ತೂಗುವುದು ಈ ಸಿದ್ಧತೆಗೇ ಸೇರಿದ ಕೆಲಸಗಳೆಂದು ತಿಳಿಯುವುದು ಕ್ಷೇಮ. ಸಾಗಣೆಯ ಖರ್ಚನ್ನು ಗಿರಾಕಿಯ ಮೇಲೆ ಹಾಕಬಹುದು. ಆದರೆ ಅದು ಮೊದಲೇ ಹೇಳಿ ಒಪ್ಪಿಸಿದ ಮೊತ್ತವಾಗಿರಬೇಕು.

ಇಂಟರ್‌ನೆಟ್ ವ್ಯಾಪಾರಕ್ಕೆ 2020ರ ಜುಲೈಯಲ್ಲಿ ಹೊರಟ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳು ಇದನ್ನು ಇನ್ನೂ ಸ್ಪಷ್ಟಪಡಿಸಿವೆ. ಬಟವಾಡೆ, ಅಂಚೆ, ಕಟ್ಟುವಿಕೆ, ತೆರಿಗೆ ಎಲ್ಲ ಸೇರಿದ ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿಯೂ ಅದರ ವಿವರವನ್ನು ಬಿಡಿಬಿಡಿಯಾಗಿಯೂ ತೋರಿಸಬೇಕು. ಮೊದಲು ಕಡಿಮೆ ಬೆಲೆ ತೋರಿಸಿ ಕೊನೆಯಲ್ಲಿ ಖರ್ಚು ಸೇರಿಸುತ್ತಾ ಹೋಗುವುದನ್ನು 2023ರ ನವೆಂಬರಿನ ಮಾರ್ಗಸೂಚಿಗಳು ಗ್ರಾಹಕರನ್ನು ವಂಚಿಸುವ ಪದ್ಧತಿಗಳ ಪಟ್ಟಿಗೇ ಸೇರಿಸಿವೆ. ನೆಂಟರಿಗೆ ಎಂದೋ ಒಮ್ಮೆ ಎರಡು ಕಿಲೋ ಮೆಣಸು ಕಳುಹಿಸುವವರಿಗೆ ಈ ನಿಯಮಗಳು ತಗಲುವುದಿಲ್ಲ. ಆದರೆ ವ್ಯಾಪಾರವಾಗಿ ನಿಯಮಿತವಾಗಿ ಮಾರುವವರು, ಎಷ್ಟೇ ಸಣ್ಣ ಬೆಳೆಗಾರರಾಗಿದ್ದರೂ, ಇವನ್ನು ಪಾಲಿಸಬೇಕು.

ಇನ್ನೊಂದು ಅಂಶ ಗಮನಿಸಿರಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಗ್ರಾಹಕನು ತಾನು ವಾಸಿಸುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಐದು ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವಿಲ್ಲ. ದೆಹಲಿಯ ಗಿರಾಕಿಯಿಂದ 65 ರೂಪಾಯಿ ಹೆಚ್ಚು ಪಡೆದು, ಆತ ಅಲ್ಲಿ ದೂರು ಕೊಟ್ಟರೆ, ಶಿರಸಿಯ ಅಥವಾ ಮೂಡಿಗೆರೆಯ ಬೆಳೆಗಾರ ದೆಹಲಿಯ ಆಯೋಗಕ್ಕೆ ಉತ್ತರ ಕೊಡಬೇಕಾದೀತು. ಲಾಭ ನಷ್ಟವನ್ನು ಇಲ್ಲಿಯೇ ತೂಗಿ ನೋಡಿರಿ.

೪. ಗಿರಾಕಿ ತೆರಬೇಕಾದ ಸಂದರ್ಭಗಳು

ಎಲ್ಲಕ್ಕೂ ಮಾರುವವರೇ ಹೊಣೆ ಎಂದು ಇದರ ಅರ್ಥವಲ್ಲ. ಗಿರಾಕಿ ತಪ್ಪು ಪಿನ್ ಕೋಡ್ ಕೊಟ್ಟು ಪಾರ್ಸೆಲ್ ಹಿಂದಿರುಗಿ, ಮತ್ತೆ ಕಳುಹಿಸಬೇಕಾದರೆ ಎರಡನೆಯ ಸಾಗಣೆಯ ಖರ್ಚನ್ನು ಆತನಿಂದ ಕೇಳುವುದು ನ್ಯಾಯ. ಆತನೇ ಬೇಗ ಬೇಕೆಂದು ಹೆಚ್ಚಿನ ದರದ ಸೇವೆ ಕೇಳಿದರೂ ಹಾಗೆಯೇ. ಆದರೆ ‘ವಿಳಾಸ ತಪ್ಪಾದರೆ ಮರುಸಾಗಣೆಯ ವೆಚ್ಚ ಗಿರಾಕಿಯದು’ ಎಂಬ ಮಾತು ಮಾರಾಟಕ್ಕೆ ಮುನ್ನವೇ ಬರಹದಲ್ಲಿ ಇದ್ದಿರಬೇಕು.

ಪುಡಿ ಕೆಟ್ಟಿದೆ, ಹೇಳಿದ ಮಾಲು ಇದಲ್ಲ ಎಂದು ಸಕಾರಣವಾಗಿ ಹಿಂದಿರುಗಿಸಿದರೆ ಎರಡೂ ಕಡೆಯ ಖರ್ಚನ್ನು ಮಾರಿದವರೇ ಹೊರುವುದು ಯೋಗ್ಯ. ಕಾರಣವಿಲ್ಲದೆ ಬಾಗಿಲಲ್ಲೇ ನಿರಾಕರಿಸುವವರ ಸಮಸ್ಯೆ ಹಳೆಯದು. ವಿ.ಪಿ.ಪಿ. ಮೂಲಕ ಮಾರುತ್ತಿದ್ದ ಪುಸ್ತಕದಂಗಡಿಯವರೂ ಇದೇ ನಷ್ಟ ಅನುಭವಿಸುತ್ತಿದ್ದರು. ಇಂದಿನ ‘ತಲುಪಿದ ಮೇಲೆ ಹಣ’ ಎಂಬ ಪದ್ಧತಿಯಲ್ಲಿಯೂ ಹೋದ ಖರ್ಚು ಮತ್ತು ಬಂದ ಖರ್ಚು ಎರಡೂ ಕಳುಹಿಸಿದವರ ತಲೆಗೆ. ಹೊಸ ಗಿರಾಕಿಗಳಿಂದ ಸಾಗಣೆಯ ಹಣವನ್ನಾದರೂ ಮುಂಗಡ ಪಡೆಯುವುದೇ ಇದಕ್ಕೆ ಉಪಾಯ.

೫. ಹೊರದೇಶಕ್ಕೆ ಕಳುಹಿಸುವಾಗ

ಹೊರದೇಶದ ಪಾರ್ಸೆಲ್ಲಿಗೆ ಸುಂಕವನ್ನು ಬಟವಾಡೆಯ ಸಮಯದಲ್ಲಿ ವಿಳಾಸದಾರನಿಂದ ಪಡೆಯುವುದು ಹಳೆಯ ರೂಢಿ. ಆತ ಕೊಡದಿದ್ದರೆ ಮಾಲು ಅಲ್ಲಿಯೇ ಉಳಿಯುತ್ತದೆ ಅಥವಾ ಹಿಂದಿರುಗುತ್ತದೆ. ಆದರೆ ರೂಢಿ ರಾತ್ರೋರಾತ್ರಿ ಬದಲಾಗಬಹುದೆಂಬುದಕ್ಕೆ 2025ರ ಅನುಭವ ಸಾಕ್ಷಿ. ಅಮೆರಿಕವು 800 ಡಾಲರಿನವರೆಗಿನ ಸರಕಿಗೆ ಇದ್ದ ಸುಂಕ ವಿನಾಯಿತಿಯನ್ನು ಆ ವರ್ಷದ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ತೆಗೆದುಹಾಕಿತು. ನಮ್ಮ ಅಂಚೆ ಇಲಾಖೆ ಆಗಸ್ಟ್ 25ರಿಂದಲೇ ಅಲ್ಲಿಗೆ ಹೋಗುವ ಬಹುಪಾಲು ಪಾರ್ಸೆಲ್‌ಗಳ ಬುಕಿಂಗನ್ನು ನಿಲ್ಲಿಸಿ, ಅಕ್ಟೋಬರ್ 15ರಿಂದ ಪುನಃ ಆರಂಭಿಸಿತು. ಆಗ ಸುಂಕವನ್ನು ಬುಕಿಂಗ್ ಸಮಯದಲ್ಲೇ ಕಳುಹಿಸುವವರಿಂದ ಪಡೆಯುವ ಏರ್ಪಾಡಾಯಿತು. ವಿಳಾಸದಾರನ ಬಾಗಿಲಲ್ಲಿದ್ದ ಹೊರೆ ಇಲ್ಲಿಯ ಕೌಂಟರಿಗೆ ಬಂತು. ಆದ್ದರಿಂದ ಹೊರದೇಶದ ಗಿರಾಕಿಗೆ ಬೆಲೆ ಹೇಳುವ ಮುನ್ನ ಅಂದಿನ ದರವನ್ನು ಅಂದೇ ವಿಚಾರಿಸಿ, ಸುಂಕ ಬೆಲೆಯಲ್ಲಿ ಸೇರಿದೆಯೋ ಇಲ್ಲವೋ ಎಂಬುದನ್ನು ಬರೆದು ತಿಳಿಸಿರಿ.

೬. ಸದಸ್ಯರು ಮತ್ತು ಸಂಘ

ಸಂಘದ ಖಾತೆಯಲ್ಲಿ ಒಟ್ಟಾಗಿ ಕಳುಹಿಸುವ ಪಾರ್ಸೆಲ್‌ಗಳ ವಿಷಯದಲ್ಲಿ ಪ್ರಶ್ನೆ ಇನ್ನೂ ಸೂಕ್ಷ್ಮ. ಕೊರಿಯರ್‌ನವರು ಮುರಿದುಕೊಳ್ಳುವುದು ಸಂಘದ ಹಣ, ಅಂದರೆ ಎಲ್ಲ ಸದಸ್ಯರ ಹಣ. ಒಬ್ಬರ ಪೆಟ್ಟಿಗೆಯ ತೂಕದ ತಪ್ಪನ್ನು, ಒಂದು ಪಾರ್ಸೆಲ್ಲನ್ನೂ ಕಳುಹಿಸದ ಸಣ್ಣ ಹಿಡುವಳಿದಾರರು ಹೊರುವುದು ಸರಿಯಲ್ಲ. ಹಾಗೆಂದು, ಸಂಘದ ಸಿಬ್ಬಂದಿ ತೂಗಿ ಬರೆದ ತಪ್ಪನ್ನು ಸದಸ್ಯರ ತಲೆಗೆ ಕಟ್ಟುವುದೂ ಸರಿಯಲ್ಲ.

ತೂಗಿ ರುಜು ಹಾಕಿದವರು ಹೊಣೆ ಎಂಬುದು ನನ್ನ ಅಭಿಪ್ರಾಯ. ಸದಸ್ಯರು ಕಟ್ಟಿ ಮುಚ್ಚಿ ತಂದರೆ ಅವರದು, ಸಂಘದಲ್ಲಿ ಕಟ್ಟಿದರೆ ಸಂಘದ್ದು. ಕೊರಿಯರ್‌ನವರ ಅಳತೆಯೇ ತಪ್ಪೆಂದು ಕಂಡಾಗ ಆ ಮೊತ್ತವನ್ನು ಅನಾಮತ್ತು ಖಾತೆಯಲ್ಲಿಟ್ಟು, ಆಧಾರ ಸಹಿತ ತಕರಾರು ಹೂಡಿ, ತೀರ್ಮಾನವಾದ ಮೇಲೆ ವಿಲೇವಾರಿ ಮಾಡತಕ್ಕದ್ದು. ಈ ಕ್ರಮವನ್ನು ಆಡಳಿತ ಮಂಡಳಿಯ ಮುಂದಿನ ಸಭೆಯಲ್ಲಿ ಮಂಡಿಸಲಾಗುವುದು. ಸದಸ್ಯರು ತಮ್ಮ ಅಭಿಪ್ರಾಯವನ್ನು ಅದಕ್ಕೆ ಮೊದಲೇ ಬರೆದು ಕಳುಹಿಸಬೇಕು.

೭. ಪಾಲಿಸಬೇಕಾದ ಕ್ರಮ

(ಅ) ಮುಚ್ಚಿ ಅಂಟಿಸಿದ ಮೇಲೆಯೇ ಪೆಟ್ಟಿಗೆಯನ್ನು ತೂಗಿರಿ.
(ಆ) ಮೂರೂ ಅಳತೆ ತೆಗೆದು ಗಾತ್ರದ ತೂಕ ಲೆಕ್ಕ ಹಾಕಿರಿ. ಉಬ್ಬಿದ ಬದಿಯನ್ನು ಉಬ್ಬಿನೊಂದಿಗೇ ಅಳೆಯಿರಿ.
(ಇ) ತಕ್ಕಡಿಯ ಅಂಕಿ ಮತ್ತು ಅಳತೆಪಟ್ಟಿ ಕಾಣುವಂತೆ ಫೋಟೋ ತೆಗೆದಿಡಿರಿ. ತಕರಾರು ಸಲ್ಲಿಸಲು ಕೊರಿಯರ್‌ನವರು ಕೊಡುವ ಅವಧಿ ಸಾಮಾನ್ಯವಾಗಿ ಕೆಲವೇ ದಿನಗಳು. ಆ ಮೇಲೆ ಆಧಾರವಿದ್ದರೂ ಪ್ರಯೋಜನವಿಲ್ಲ.
(ಈ) ಮಾಲಿಗೆ ತಕ್ಕ ಪೆಟ್ಟಿಗೆ ಬಳಸಿರಿ. ಖಾಲಿ ಜಾಗಕ್ಕೂ ದರವಿದೆ.
(ಉ) ಬೆಲೆಯನ್ನು ನಿವ್ವಳ ತೂಕಕ್ಕೆ, ಸಾಗಣೆಯನ್ನು ಒಟ್ಟು ತೂಕಕ್ಕೆ ಲೆಕ್ಕ ಹಾಕಿ, ಒಟ್ಟು ಮೊತ್ತವನ್ನು ಒಂದೇ ಬಾರಿ ಹೇಳಿರಿ.

ಸಾರಾಂಶವಿಷ್ಟೆ. ಯಾರ ಕೈಯಲ್ಲಿ ತಕ್ಕಡಿ ಇತ್ತೋ ತೂಕದ ತಪ್ಪು ಅವರದು. ಯಾರು ವಿಳಾಸ ಕೊಟ್ಟರೋ ವಿಳಾಸದ ತಪ್ಪು ಅವರದು. ಮೊದಲು ಹೇಳದ ಹಣವನ್ನು ಆಮೇಲೆ ಕೇಳಲಾಗದು.

ಶಾಖಾ ಸಭೆಗಳಲ್ಲಿ ಚರ್ಚಿಸಲು ಪ್ರಶ್ನೆಗಳು

1. 40 × 25 × 20 ಸೆಂ.ಮೀ. ಪೆಟ್ಟಿಗೆ ತಕ್ಕಡಿಯಲ್ಲಿ 3 ಕಿಲೋ 200 ಗ್ರಾಂ ತೂಗಿದರೆ ಯಾವ ತೂಕಕ್ಕೆ ದರ ಬೀಳುತ್ತದೆ? (ಭಾಜಕ 5000 ಎಂದು ತಿಳಿಯಿರಿ.)
2. ಗಿರಾಕಿ ಹಳೆಯ ವಿಳಾಸ ಕೊಟ್ಟಿದ್ದರಿಂದ ಪಾರ್ಸೆಲ್ ಹಿಂದಿರುಗಿದೆ. ಮರುಸಾಗಣೆಯ ಬಗ್ಗೆ ಮಾರಿದವರು ಮೊದಲು ಏನೂ ಬರೆದಿರಲಿಲ್ಲ. ಏನು ಮಾಡುವುದು ಯೋಗ್ಯ?
3. ಸದಸ್ಯರು ಕಟ್ಟಿ ತಂದ ಪೆಟ್ಟಿಗೆಯನ್ನು ಸಂಘದ ಗುಮಾಸ್ತರು ಪುನಃ ತೂಗದೆ ರುಜು ಹಾಕಿ ಕಳುಹಿಸಿದರೆ ಹೊಣೆ ಯಾರದು?