ಫೈನಲ್‌ಗೆ ಮುನ್ನ ತಕ್ಕಡಿ ಹಿಡಿಯುವವರಿಗೆ

ಪಂದ್ಯದ ಮುನ್ನೋಟ ಬರೆದು ಕಳಿಸುವ ಹುಡುಗರು ನಮ್ಮ ಜಿಲ್ಲೆಯಲ್ಲಿ ಈಚೆಗೆ ಹೆಚ್ಚಾಗಿದ್ದಾರೆ. ದೊಡ್ಡಬಳ್ಳಾಪುರ, ವಿಜಯಪುರ, ಸೂಲಿಬೆಲೆ, ದಾಬಸ್‌ಪೇಟೆ ಎಲ್ಲ ಕಡೆಯಿಂದಲೂ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತಲೇ ಇರುತ್ತವೆ. ಒಳ್ಳೆಯದೇ. ದೇವನಹಳ್ಳಿ ದಾರಿಯಲ್ಲಿ, ವಿಮಾನ ನಿಲ್ದಾಣದ ಹತ್ತಿರ, ಬಿಸಿಸಿಐನ ಸೆಂಟರ್ ಆಫ್ ಎಕ್ಸಲೆನ್ಸ್ 2024ರಲ್ಲಿ ಬಾಗಿಲು ತೆರೆಯಿತು. ನೆಲಮಂಗಲದ ಈಚೆಗೆ ಆಲೂರಿನಲ್ಲಿ ಕೆಎಸ್‌ಸಿಎ ಮೈದಾನಗಳು ಅದಕ್ಕೂ ಮೊದಲಿನಿಂದ ಇವೆ. ಟಿ.ವಿ.ಯಲ್ಲಿ ಕಂಡ ಆಟಗಾರರು ನಾವು ಬಸ್ಸಿನಲ್ಲಿ ಓಡಾಡುವ ದಾರಿಯಲ್ಲೇ ಆಡುತ್ತಿರುವಾಗ ಬರೆಯುವ ಹುರುಪು ಬರುವುದು ಸಹಜ.

ತೊಂದರೆ ಇರುವುದು ಬರಹದಲ್ಲಿ. ಹತ್ತರಲ್ಲಿ ಎಂಟು ‘ಬಲಾಢ್ಯರ ಸೆಣಸಾಟಕ್ಕೆ ಅಖಾಡ ಸಜ್ಜು’ ಎಂದು ಶುರುವಾಗಿ ‘ವಿಜಯಮಾಲೆ ಯಾರಿಗೆ, ಕಾದು ನೋಡಬೇಕು’ ಎಂದು ಮುಗಿಯುತ್ತವೆ. ನಡುವೆ ಐಪಿಎಲ್ ಸಿಕ್ಸರ್‌ಗಳ ಲೆಕ್ಕ. ಕಾದು ನೋಡುವುದು ಓದುಗನಿಗೂ ಗೊತ್ತು. ಏನನ್ನು ನೋಡಬೇಕು ಎಂದು ಹೇಳುವುದಕ್ಕೇ ಮುನ್ನೋಟ ಇರುವುದು. ರಣಜಿ, ದುಲೀಪ್ ಟ್ರೋಫಿಗಳಂಥ ಹಲವು ದಿನಗಳ ಕ್ರಿಕೆಟ್‌ನಲ್ಲಿ ಎರಡು ಗಟ್ಟಿ ತಂಡಗಳು ಫೈನಲ್‌ಗೆ ಬಂದಾಗ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಹೇಳುತ್ತೇನೆ. ಒಂದು ದಿನದ ಪಂದ್ಯಕ್ಕೂ ಟ್ವೆಂಟಿ20ಗೂ ಇದು ಹೊಂದುವುದಿಲ್ಲ.

ಎರಡೂ ತಂಡಗಳ ಹಿಂದಿನ ನಾಲ್ಕೈದು ಪಂದ್ಯಗಳ ಸ್ಕೋರ್‌ಕಾರ್ಡ್ ತೆಗೆದಿಟ್ಟುಕೊಳ್ಳಿ. ನೋಟ್‌ಬುಕ್ಕಿನ ಹಾಳೆಯ ನಡುವೆ ಒಂದು ಗೆರೆ ಎಳೆಯಿರಿ, ಆ ಕಡೆ ಒಂದು ತಂಡ, ಈ ಕಡೆ ಒಂದು. ಮೊಬೈಲ್‌ನಲ್ಲಿ ಮೇಲೆ ಕೆಳಗೆ ಸರಿಸುತ್ತಾ ಹೋಲಿಸಿದರೆ ಕಣ್ಣಿಗೆ ಬೀಳುವುದು ಶತಕಗಳು ಮಾತ್ರ.

ಮೊದಲು ನಿಯಮ, ಆಮೇಲೆ ಆಟಗಾರರು

ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ದೊಡ್ಡಬಳ್ಳಾಪುರದ ಹುಡುಗನೊಬ್ಬ ಒಮ್ಮೆ ಕೇಳಿದ: ‘ಸಾರ್, ರಣಜಿ ಫೈನಲ್ ಡ್ರಾ ಆದ್ರೆ ಇಬ್ರಿಗೂ ಕಪ್ ಕೊಡ್ತಾರಲ್ವಾ?’ ಅವನು ಆಗಲೇ ನಾನೂರು ಪದ ಬರೆದು ಮುಗಿಸಿದ್ದ.

ಕೊಡುವುದಿಲ್ಲ. ಐದು ದಿನದಲ್ಲಿ ಸೋಲು ಗೆಲುವು ಇತ್ಯರ್ಥವಾಗದಿದ್ದರೆ ಮೊದಲ ಇನಿಂಗ್ಸ್‌ನಲ್ಲಿ ಮುನ್ನಡೆ ಪಡೆದ ತಂಡಕ್ಕೇ ಕಪ್. ನಾಕೌಟ್ ಹಂತಕ್ಕೆಲ್ಲ ಇದೇ ನಿಯಮ. ಮುನ್ನಡೆ ಒಂದೇ ರನ್ ಇದ್ದರೂ ಸಾಕು. ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. 2025ರ ರಣಜಿ ಕ್ವಾರ್ಟರ್ ಫೈನಲ್‌ನಲ್ಲಿ ಜಮ್ಮು ಮತ್ತು ಕಾಶ್ಮೀರ 280, ಕೇರಳ 281. ಆ ಒಂದು ರನ್ನಿನಿಂದ ಕೇರಳ ಸೆಮಿಫೈನಲ್ ತಲುಪಿತು. ಅಲ್ಲಿ ಕೇರಳ 457, ಗುಜರಾತ್ 455. ಗುಜರಾತ್‌ನ ಕೊನೆಯ ಬ್ಯಾಟರ್ ಹೊಡೆದ ಚೆಂಡು ಹತ್ತಿರ ನಿಂತಿದ್ದ ಫೀಲ್ಡರ್‌ನ ಹೆಲ್ಮೆಟ್‌ಗೆ ಬಡಿದು ಮೇಲಕ್ಕೆ ಹಾರಿ ಸ್ಲಿಪ್‌ನಲ್ಲಿದ್ದ ನಾಯಕ ಸಚಿನ್ ಬೇಬಿ ಕೈಗೆ ಬಿತ್ತು. ಎರಡು ರನ್‌ಗಳ ಮುನ್ನಡೆ, ಫೈನಲ್‌ಗೆ ಟಿಕೆಟ್. ನಾಗಪುರದ ಫೈನಲ್‌ನಲ್ಲಿ ವಿದರ್ಭ 379, ಕೇರಳ 342. ಪಂದ್ಯ ಡ್ರಾ, ಕಪ್ ವಿದರ್ಭಕ್ಕೆ. 98ರಲ್ಲಿ ಔಟಾದ ಸಚಿನ್ ಬೇಬಿಗೆ ಆ ಹೊಡೆತ ಇನ್ನೂ ನಿದ್ದೆ ಕೆಡಿಸುತ್ತಿದ್ದರೆ ಅಚ್ಚರಿಯಿಲ್ಲ.

ನಮ್ಮವರಿಗೂ ಈ ನಿಯಮದ ಪೆಟ್ಟು ಬಿದ್ದಿದೆ. 1982ರ ಫೈನಲ್‌ನಲ್ಲಿ ದೆಹಲಿಯ ಕೋಟ್ಲಾ ಮೈದಾನದಲ್ಲಿ ಕರ್ನಾಟಕ 705 ರನ್ ಗಳಿಸಿತು. ಏಳುನೂರು ದಾಟಿದ ಮೇಲೆ ಇನ್ನೇನು ಭಯ? ದೆಹಲಿ ಎಂಟು ವಿಕೆಟ್‌ಗೆ 589 ಆಗಿತ್ತು. ಆಗ ಜೊತೆಯಾದ ರಾಕೇಶ್ ಶುಕ್ಲಾ ಮತ್ತು ರಾಜೇಶ್ ಪೀಟರ್ ಔಟಾಗದೆ 118 ಸೇರಿಸಿದರು. ಎಂಟಕ್ಕೆ 707. ಕಪ್ ಅಲ್ಲೇ ಉಳಿಯಿತು.

ಹಾಗಾಗಿ ‘ಯಾರು ಗೆಲ್ಲುತ್ತಾರೆ’ ಎಂದು ಹಾಳೆಯ ಮೇಲೆ ಬರೆಯಬೇಡಿ. ‘ಎದುರಾಳಿಯನ್ನು ಒಂದು ಸಲ ತನ್ನ ಮೊತ್ತಕ್ಕಿಂತ ಕಡಿಮೆಗೆ ಔಟ್ ಮಾಡುವ ಶಕ್ತಿ ಯಾರಿಗೆ ಹೆಚ್ಚು’ ಎಂದು ಬರೆಯಿರಿ. ಪ್ರಶ್ನೆ ಬದಲಾದ ಕೂಡಲೇ ನೀವು ಹುಡುಕುವ ಅಂಕಿಗಳೂ ಬದಲಾಗುತ್ತವೆ. ನಿಧಾನವಾಗಿ ಆಡುವ ಆರಂಭಿಕ ಬ್ಯಾಟರ್ ಹೊರೆಯಲ್ಲ, ಆಸ್ತಿ. ಎರಡು ದಿನ ಪೂರ್ತಿ ಬ್ಯಾಟ್ ಮಾಡುವ ತಂಡವನ್ನು ‘ರಕ್ಷಣಾತ್ಮಕ’ ಎಂದು ಮೂದಲಿಸುವುದು ನಿಯಮ ಗೊತ್ತಿಲ್ಲದವರ ಮಾತು.

ಇನ್ನೂ ಒಂದು ಕೆಲಸ ಮಾಡಿ, ಇದನ್ನು ಯಾರೂ ಮಾಡುವುದಿಲ್ಲ. ಪ್ರತಿ ಸ್ಕೋರ್‌ಕಾರ್ಡಿನ ಕೆಳಗೆ ‘ವಿಕೆಟ್ ಪತನ’ ಎಂಬ ಸಣ್ಣ ಸಾಲು ಇರುತ್ತದೆ. ಏಳನೇ ವಿಕೆಟ್ ಬಿದ್ದಾಗ ಮೊತ್ತ ಎಷ್ಟಿತ್ತು, ಇನಿಂಗ್ಸ್ ಮುಗಿದಾಗ ಎಷ್ಟಾಯಿತು ನೋಡಿ. ಎರಡರ ವ್ಯತ್ಯಾಸವನ್ನು ಹಾಳೆಯಲ್ಲಿ ಬರೆದುಕೊಳ್ಳಿ. ನಾಲ್ಕೈದು ಪಂದ್ಯಗಳಿಗೆ ಹೀಗೆ ಮಾಡಿದರೆ ಬಾಲಂಗೋಚಿಗಳ ಬಲ ಬಯಲಾಗುತ್ತದೆ. ಜಮ್ಮು ಮತ್ತು ಕಾಶ್ಮೀರದ ಎದುರು ಕೇರಳ ಒಂಬತ್ತಕ್ಕೆ 200 ಆಗಿತ್ತು. ಕೊನೆಯ ಜೋಡಿ ಸಲ್ಮಾನ್ ನಿಜಾರ್ ಮತ್ತು ಬಾಸಿಲ್ ಥಂಪಿ 81 ಕೂಡಿಸಿದರು. ಆ ಪಂದ್ಯದ ಮುನ್ನೋಟದಲ್ಲಿ ಹನ್ನೊಂದನೆಯವನ ಬ್ಯಾಟಿಂಗ್ ಬಗ್ಗೆ ಒಂದು ಸಾಲು ಬರೆದವರು ಯಾರಾದರೂ ಇದ್ದರೆ ಅವರಿಗೆ ನನ್ನ ನಮಸ್ಕಾರ.

ಮಳೆಯಿಂದ ಮೊದಲ ಇನಿಂಗ್ಸೇ ಮುಗಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಆ ವರ್ಷದ ಆಟದ ನಿಯಮಾವಳಿ ಓದಿ. ಬಿಸಿಸಿಐ ಅದನ್ನು ಪ್ರಕಟಿಸುತ್ತದೆ. ಹಳೆಯ ನೆನಪಿನ ಮೇಲೆ ಬರೆಯಬೇಡಿ.

ಯಾರು ಇಲ್ಲ?

ಯಾರು ಇದ್ದಾರೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಯಾರು ಇಲ್ಲ ಎಂಬುದನ್ನು ನೀವು ಹುಡುಕಿ ತೆಗೆಯಬೇಕು. ಈ ವಿಷಯದಲ್ಲಿ ನಾನೇ ಕೈಸುಟ್ಟುಕೊಂಡಿದ್ದೇನೆ.

2025ರ ಸೆಪ್ಟೆಂಬರ್‌ನಲ್ಲಿ ದುಲೀಪ್ ಟ್ರೋಫಿ ಫೈನಲ್ ನಮ್ಮ ಸೆಂಟರ್ ಆಫ್ ಎಕ್ಸಲೆನ್ಸ್‌ನಲ್ಲೇ ನಡೆಯಿತು. ದಕ್ಷಿಣ ವಲಯ, ಕೇಂದ್ರ ವಲಯ. ಎರಡೂ ಸೆಮಿಫೈನಲ್‌ಗಳು ಡ್ರಾ ಆಗಿ, ಎರಡೂ ತಂಡಗಳು ಮೊದಲ ಇನಿಂಗ್ಸ್ ಮುನ್ನಡೆಯ ಮೇಲೇ ಬಂದಿದ್ದವು. ಸೆಮಿಫೈನಲ್‌ನಲ್ಲಿ ನಾರಾಯಣ ಜಗದೀಶನ್ 197 ಹೊಡೆದಿದ್ದರು, ನಮ್ಮ ದೇವದತ್ತ ಪಡಿಕ್ಕಲ್ ಅರ್ಧಶತಕ ಗಳಿಸಿದ್ದರು. ಆ ಸ್ಕೋರ್‌ಕಾರ್ಡ್ ಮುಂದಿಟ್ಟುಕೊಂಡು ದಕ್ಷಿಣದ ಬ್ಯಾಟಿಂಗ್ ಕಬ್ಬಿಣದ ಕಡಲೆ ಎಂದು ಧಾರಾಳವಾಗಿ ಬರೆದೆ. ಅಷ್ಟರಲ್ಲಿ ಇಬ್ಬರೂ ಆಸ್ಟ್ರೇಲಿಯಾ ‘ಎ’ ವಿರುದ್ಧ ಆಡುವ ಭಾರತ ‘ಎ’ ತಂಡಕ್ಕೆ ಹೊರಟಿದ್ದರು. ನಾನು ತಂಡದ ಪಟ್ಟಿ ಮತ್ತೊಮ್ಮೆ ನೋಡಿರಲಿಲ್ಲ. ದಕ್ಷಿಣ ವಲಯ ಮೊದಲ ದಿನವೇ 149ಕ್ಕೆ ಔಟಾಯಿತು. ಕೇಂದ್ರ ವಲಯ 511 ಹೊಡೆಯಿತು. ಯಶ್ ರಾಥೋಡ್ 194, ನಾಯಕ ರಜತ್ ಪಾಟೀದಾರ್ 101. ಎರಡನೇ ಸರದಿಯಲ್ಲಿ ದಕ್ಷಿಣ 426 ಗಳಿಸಿ ಹೋರಾಡಿದರೂ ಕೇಂದ್ರಕ್ಕೆ ಬೇಕಾಗಿದ್ದು 65 ರನ್ ಮಾತ್ರ. ಆರು ವಿಕೆಟ್ ಗೆಲುವು. ಮಾರನೇ ವಾರ ಸಂತೆಯಲ್ಲಿ ಸಿಕ್ಕ ಪರಿಚಿತರೊಬ್ಬರು ‘ಏನ್ ಸ್ವಾಮಿ, ಕಡಲೆ ಚೆನ್ನಾಗಿ ಬೆಂದಿತ್ತು’ ಅಂದರು. ನಕ್ಕು ಸುಮ್ಮನಾದೆ.

ಆದ್ದರಿಂದ ಫೈನಲ್‌ಗೆ ಪ್ರಕಟವಾದ ತಂಡವನ್ನು ಸೆಮಿಫೈನಲ್ ಆಡಿದ ಹನ್ನೊಂದರ ಪಕ್ಕದಲ್ಲಿಟ್ಟು ಒಂದೊಂದೇ ಹೆಸರು ಹೊಡೆಯುತ್ತಾ ಬನ್ನಿ. ಭಾರತ ತಂಡ, ಭಾರತ ‘ಎ’, ಗಾಯ, ಈ ಮೂರು ಕಾರಣಕ್ಕೆ ಹೆಸರುಗಳು ಉದುರುತ್ತವೆ. ಬದಲಿಗೆ ಬಂದವರ ಈ ಋತುವಿನ ಆಟ ನೋಡಿ. ಆಟಗಾರರು ರಾಜ್ಯ ಬದಲಿಸುವುದೂ ಉಂಟು. ನಾಗಪುರದಲ್ಲಿ ವಿದರ್ಭ ಪರ 86 ಮತ್ತು 135 ಹೊಡೆದವರು ನಮ್ಮ ಕರುಣ್ ನಾಯರ್. ಅದಕ್ಕೂ ಹತ್ತು ವರ್ಷ ಹಿಂದೆ ಕರ್ನಾಟಕಕ್ಕೆ ರಣಜಿ ಫೈನಲ್‌ನಲ್ಲಿ 328 ಹೊಡೆದುಕೊಟ್ಟ ಅದೇ ಕರುಣ್.

ಎಸೆದ ಓವರ್ ಎಣಿಸಿ

ಟೊರಾಂಟೊದಲ್ಲಿರುವ ನನ್ನ ಸೋದರಳಿಯ ಬೇಸ್‌ಬಾಲ್ ಹುಚ್ಚಿನವನು. ಅವನು ಕಳಿಸುವ ಅಲ್ಲಿನ ಮುನ್ನೋಟಗಳಿಂದ ಒಂದು ಪಾಠ ಕಲಿತೆ. ಅವರ ಚಾಂಪಿಯನ್‌ಷಿಪ್ ಏಳು ಪಂದ್ಯಗಳ ಸರಣಿ, ಮೊದಲು ನಾಲ್ಕು ಗೆದ್ದವರಿಗೆ ಕಪ್. ಮುನ್ನೋಟದ ಮೊದಲ ಸಾಲೇ ಯಾವ ದಿನ ಯಾರು ಚೆಂಡು ಎಸೆಯುತ್ತಾರೆ, ಹಿಂದಿನ ಸಲ ಎಷ್ಟು ಎಸೆದಿದ್ದರು, ಎಷ್ಟು ದಿನ ವಿಶ್ರಾಂತಿ ಸಿಕ್ಕಿದೆ ಎಂಬುದು. ಹೊಡೆಯುವವರ ಹೆಸರು ಆಮೇಲೆ.

2025ರಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಮತ್ತು ಟೊರಾಂಟೊ ಬ್ಲೂ ಜೇಸ್ ಏಳನೇ ಪಂದ್ಯದವರೆಗೂ ಹೋದವು. ಡಾಡ್ಜರ್ಸ್‌ನ ಜಪಾನಿ ಎಸೆತಗಾರ ಯೊಶಿನೊಬು ಯಮಮೊಟೊ ಆರನೇ ಪಂದ್ಯದಲ್ಲಿ 96 ಎಸೆತ ಹಾಕಿದ್ದರು. ಸಾಮಾನ್ಯವಾಗಿ ಅಷ್ಟು ಎಸೆದವರಿಗೆ ನಾಲ್ಕೈದು ದಿನ ವಿಶ್ರಾಂತಿ. ಮಾರನೇ ರಾತ್ರಿಯೇ ಅವರು ಮತ್ತೆ ಇಳಿದು ಹನ್ನೊಂದನೇ ಇನಿಂಗ್ಸ್‌ವರೆಗೆ ಎಸೆದು 5–4ರಲ್ಲಿ ಪಂದ್ಯ ಮುಗಿಸಿದರು. ನಮ್ಮಲ್ಲಿ ಅದು ನವೆಂಬರ್ 2ರ ಭಾನುವಾರ ಬೆಳಗಿನ ಹೊತ್ತು. ಅದೇ ರಾತ್ರಿ ನಮ್ಮ ಹೆಣ್ಣುಮಕ್ಕಳು ವಿಶ್ವಕಪ್ ಗೆದ್ದ ಗದ್ದಲದಲ್ಲಿ ಅಳಿಯನ ಅಳಲು ಕೇಳುವವರಿರಲಿಲ್ಲ. ಲೆಕ್ಕ ಹಾಕಿದವರು ಅವತ್ತು ಸೋತರು, ನಿಜ. ಆದರೆ ಲೆಕ್ಕ ಗೊತ್ತಿದ್ದವರಿಗೆ ಮಾತ್ರ ಅದು ಎಂಥ ಸಾಹಸ ಎಂದು ಅರ್ಥವಾಯಿತು.

ರಣಜಿಗೆ ಇದನ್ನೇ ಅನ್ವಯಿಸಿ. ಸೆಮಿಫೈನಲ್‌ನಲ್ಲಿ ಪ್ರತಿ ಬೌಲರ್ ಎರಡೂ ಇನಿಂಗ್ಸ್ ಸೇರಿ ಎಷ್ಟು ಓವರ್ ಹಾಕಿದ, ಪಂದ್ಯ ಮುಗಿದು ಎಷ್ಟು ದಿನವಾಯಿತು, ನಡುವೆ ಪ್ರಯಾಣ ಎಷ್ಟು ದೂರ. ಐವತ್ತು ಓವರ್ ಹಾಕಿದ ವೇಗಿಗೆ ಮೂರು ದಿನದ ಬಿಡುವು ಸಿಕ್ಕಿದ್ದರೆ ಎರಡನೇ ಹೊಸ ಚೆಂಡು, ಅಂದರೆ 80 ಓವರ್ ಆದ ಮೇಲೆ ಸಿಗುವ ಚೆಂಡು, ಅವನ ಕೈಯಲ್ಲಿ ಮೊದಲಿನಷ್ಟು ಚುರುಕಾಗಿರುವುದಿಲ್ಲ. ಮೂರನೇ, ನಾಲ್ಕನೇ ಬೌಲರ್ ಯಾರು ಎಂದು ಬರೆಯಿರಿ. ಎರಡು ಗಟ್ಟಿ ತಂಡಗಳ ನಡುವಿನ ವ್ಯತ್ಯಾಸ ಹೆಚ್ಚಾಗಿ ಅಲ್ಲೇ ಇರುತ್ತದೆ.

ಉಳಿದದ್ದು

ಪಿಚ್ ಬಗ್ಗೆ ದೂರದಿಂದ ಭವಿಷ್ಯ ಹೇಳಬೇಡಿ. ಬೆಂಗಳೂರಿನ ಕಡೆ ಸೆಪ್ಟೆಂಬರ್ ಎಂದರೆ ಮೋಡ, ತೇವ, ವೇಗಿಗಳಿಗೆ ಅನುಕೂಲ ಎಂದು ಎಲ್ಲರೂ ಬರೆಯುತ್ತಾರೆ. ಆ ದುಲೀಪ್ ಫೈನಲ್‌ನ ಮೊದಲ ದಿನ ಒಂಬತ್ತು ವಿಕೆಟ್ ಉರುಳಿಸಿದವರು ಸ್ಪಿನ್ನರ್‌ಗಳಾದ ಸಾರಾಂಶ್ ಜೈನ್ ಮತ್ತು ಕುಮಾರ್ ಕಾರ್ತಿಕೇಯ. ಅದೇ ಮೈದಾನದ ಹಿಂದಿನ ಪಂದ್ಯದ ಸ್ಕೋರ್‌ಕಾರ್ಡ್ ಸಿಕ್ಕರೆ ಮಾತ್ರ ಮಾತಾಡಿ.

ಹಳೇ ಕಥೆ ಒಂದು ಸಾಲು ಸಾಕು. 1974ರಲ್ಲಿ ಮುಂಬೈಯ ಸತತ ಹದಿನೈದು ವರ್ಷದ ಆಳ್ವಿಕೆ ಮುರಿದದ್ದು, 2010ರಲ್ಲಿ ಮೈಸೂರಿನಲ್ಲಿ ಮನೀಷ್ ಪಾಂಡೆ 144 ಹೊಡೆದರೂ ಆರೇ ರನ್‌ಗಳಿಂದ ಸೋತದ್ದು ನಮಗೆ ಪ್ರಿಯ ನೆನಪುಗಳು. ಈಗ ಆಡುವ ಹುಡುಗರ ಮೊಣಕೈಗೆ ಅವು ಏನೂ ಮಾಡವು.

ಐಪಿಎಲ್ ಅಂಕಿ ಬೇಡ. ‘ಶೇ 60ರಷ್ಟು ಗೆಲ್ಲುವ ಸಾಧ್ಯತೆ’ ಎಂಬ ಆ್ಯಪ್ ಲೆಕ್ಕವೂ ಬೇಡ. ಬೆಟ್ಟಿಂಗ್‌ನವರು ನಿಮ್ಮ ಅಭಿಪ್ರಾಯ ಕೇಳಿ ಫೋನ್ ಮಾಡಿದರೆ ಉತ್ತರಿಸದೆ ಇಟ್ಟುಬಿಡಿ. ಕೊನೆಗೆ ನಿಮ್ಮ ತೀರ್ಪು ಹೇಳಿ, ಹೆದರಬೇಡಿ. ಆದರೆ ಕಾರಣ ಕೊಡಿ: ‘ಏಳನೇ ವಿಕೆಟ್ ನಂತರ ಇವರು ಹೆಚ್ಚು ರನ್ ಸೇರಿಸುತ್ತಾರೆ, ಮೂರನೇ ಬೌಲರ್‌ಗೆ ವಿಶ್ರಾಂತಿ ಸಿಕ್ಕಿದೆ, ಆದ್ದರಿಂದ ಮುನ್ನಡೆ ಇವರದು.’ ತಪ್ಪಾದರೂ ಓದುಗ ಕ್ಷಮಿಸುತ್ತಾನೆ.

ನನಗೆ ಕೊಟ್ಟಿರುವ ಜಾಗ ಮುಗಿಯಿತು. ಮುನ್ನೂರು ಪದ ಮೀರದಂತೆ ಬರೆದು, ಗೆರೆ ಎಳೆದ ಆ ಹಾಳೆಯ ಫೋಟೊ ಸಮೇತ, ಫೈನಲ್‌ನ ಹಿಂದಿನ ದಿನ ಮಧ್ಯಾಹ್ನ ಮೂರು ಗಂಟೆಯೊಳಗೆ ಕಳಿಸಿ. ‘ಅಖಾಡ ಸಜ್ಜು’ ಎಂದು ಶುರುವಾದದ್ದನ್ನು ನಾನು ಮುಂದೆ ಓದುವುದಿಲ್ಲ.