ಹೊಲಕ್ಕೆ ಕೇಳಿದ ಕಾಗದ, ಚಿತ್ರಕ್ಕೆ ಕೇಳಲಿಲ್ಲ

ಧಾರವಾಡದ ಹತ್ತಿರ ಎರಡು ಎಕರೆ ಹೊಲ ಕೊಳ್ಳುವಾಗ ಅಪ್ಪ ಮೂರು ತಿಂಗಳು ಓಡಾಡಿದ್ದರು. ಮೂಲಪತ್ರ, ಪಹಣಿ, ಋಣಭಾರ ಪತ್ರ, ಬದುವಿನಾಚೆಯವರ ಮಾತು, ಎಲ್ಲ ನೋಡಿದ ಮೇಲೆಯೇ ಸಂಚಕಾರ. ಅವರ ಮಗನಾದ ನಾನು 2012ರಲ್ಲಿ, ಮಡಗಾಂವ್‌ನಲ್ಲಿ ನೌಕರಿಯಲ್ಲಿದ್ದಾಗ, ಒಂದು ಶಾಯಿಚಿತ್ರಕ್ಕೆ ಒಂದೇ ಸಂಜೆಯಲ್ಲಿ 1.4 ಲಕ್ಷ ರೂಪಾಯಿ ಎಣಿಸಿಕೊಟ್ಟೆ. ಮೂಲೆಯಲ್ಲಿ ಸೋಜಾ ಸಹಿ, 1948 ಎಂಬ ವರ್ಷ. ಜೊತೆಗೆ ಮಾರಿದವನೇ ಬರೆದುಕೊಟ್ಟ ‘ಪ್ರಮಾಣಪತ್ರ’. ಬಿಲ್ ಇಲ್ಲ.

ಚಿತ್ರಕಾರ ಎಫ್.ಎನ್. ಸೋಜಾ ಗೋವೆಯ ಸಾಲಿಗಾಂವ್‌ನಲ್ಲಿ 1924ರಲ್ಲಿ ಹುಟ್ಟಿದವರು. ಅವರ ‘ಬರ್ತ್’ ಎಂಬ ತೈಲಚಿತ್ರ 2015ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ 40 ಲಕ್ಷ ಡಾಲರ್ ದಾಟಿತು. ಅಷ್ಟು ಹೆಸರಾದ ದೊಡ್ಡ ಚಿತ್ರದ ನಕಲು ಮಾರುವುದು ಸುಲಭವಲ್ಲ, ಮೂಲ ಎಲ್ಲಿದೆಯೆಂದು ಬಲ್ಲವರಿಗೆ ಗೊತ್ತು. ಸೋಜಾ ಜೀವನವಿಡೀ ಗೀಚಿದ ಸಣ್ಣ ರೇಖಾಚಿತ್ರಗಳಿಗೆ ಅಂಥ ಲೆಕ್ಕವಿಲ್ಲ. ಖೋಟಾ ನುಸುಳುವುದು ಅಲ್ಲೇ, ನನ್ನಂಥ ಸಂಬಳದವನ ಕೈಗೆಟಕುವ ಬೆಲೆಯಲ್ಲಿ.

ಮಗಳ ಕಾಲೇಜಿನ ಖರ್ಚಿಗೆಂದು 2019ರಲ್ಲಿ ಚಿತ್ರವನ್ನು ಮುಂಬಯಿಗೆ ಒಯ್ದೆ. ಪರಿಣತರೊಬ್ಬರು ಕೋಣೆ ಕತ್ತಲೆ ಮಾಡಿ ನೇರಳಾತೀತ ದೀಪ ಹಿಡಿದರು. ಕಾಗದ ನೀಲಿಯಾಗಿ ಹೊಳೆಯಿತು. ಹಾಗೆ ಹೊಳೆಯುವುದು ಕಾಗದಕ್ಕೆ ಬೆರೆಸುವ ಬಿಳುಪಿನ ರಾಸಾಯನಿಕದಿಂದ. ಅದು ಕಾಗದದಲ್ಲಿ ಬಳಕೆಗೆ ಬಂದದ್ದು ಸುಮಾರು 1950ರ ನಂತರ. ಅವರು ಮಾತಾಡದೆ ಚಿತ್ರವನ್ನು ನನ್ನ ಕಡೆಗೆ ಸರಿಸಿದರು. ಹೊರಗೆ ಬಂದು ಬಹಳ ಹೊತ್ತು ಫುಟ್‌ಪಾತಿನಲ್ಲಿ ನಿಂತಿದ್ದೆ.

ನನ್ನ ದುಡ್ಡು ಹೋದದ್ದು ಅಲ್ಲಿಗೆ ಮುಗಿಯಿತು. ಇಂದಿಗೂ ಕಾಡುವುದು ಮಡಗಾಂವ್‌ನ ನಮ್ಮ ನೆರೆಮನೆಯ ಆಂಟಿಯ ಕತೆ. ಅವರ ಹಜಾರದಲ್ಲೊಂದು ಜಲವರ್ಣ ಚಿತ್ರವಿತ್ತು: ಸೀರೆಯುಟ್ಟ ಮೇರಿಮಾತೆ. ಚಿತ್ರಕಾರ ಆಂಜೆಲೊ ದ ಫೊನ್ಸೆಕಾ ತಮ್ಮ ತಂದೆಗೆ ಸ್ನೇಹದಿಂದ ಕೊಟ್ಟದ್ದೆಂದು ಆಂಟಿ ಹೇಳುತ್ತಿದ್ದರು. ಸಾಂತ್ ಎಸ್ತೆವಾಂವ್‌ನ ಫೊನ್ಸೆಕಾ ತೀರಿಕೊಂಡದ್ದು 1967ರಲ್ಲಿ. ಸ್ನೇಹಿತನ ಉಡುಗೊರೆಗೆ ರಸೀದಿ ಕೇಳುವವರುಂಟೇ? ಮನೆಯ ಚಾವಣಿ ರಿಪೇರಿಗೆ ಹಣ ಬೇಕಾಗಿ ಮಾರಲು ಹೊರಟರೆ ಎಲ್ಲ ಕಡೆಯೂ ಒಂದೇ ಮಾತು: ಕಾಗದ ಎಲ್ಲಿ? ಕೊನೆಗೆ ಒಬ್ಬ ವ್ಯಾಪಾರಿ ಚೌಕಟ್ಟಿನ ಬೆಲೆ ಕೊಡುತ್ತೇನೆಂದ. ಆಂಟಿ ಮಾರಲಿಲ್ಲ. ಚಾವಣಿಗೆ ಸಾಲ ಮಾಡಿದರು.

ಖೋಟಾ ಚಿತ್ರ ಮಾರುಕಟ್ಟೆಗೆ ಮಾಡುವ ಕೇಡು ಇದು. ಒಮ್ಮೆ ಹೆದರಿದ ಕೊಳ್ಳುವವರು ಪ್ರದರ್ಶನದಲ್ಲಿ, ಪುಸ್ತಕದಲ್ಲಿ ದಾಖಲಾದ ಚಿತ್ರಗಳ ಹಿಂದೆಯೇ ಬೀಳುತ್ತಾರೆ, ಅವುಗಳ ಬೆಲೆ ಏರುತ್ತದೆ. ಕಾಗದವಿಲ್ಲದ ಅಸಲಿಗೆ ಬೆಲೆಯೇ ಇಲ್ಲದಾಗುತ್ತದೆ. 2009ರಲ್ಲಿ ದೆಹಲಿಯಲ್ಲಿ ಚಿತ್ರಕಾರ ಎಸ್.ಎಚ್. ರಜಾ ತಮ್ಮದೇ ಹೆಸರಿನ ಪ್ರದರ್ಶನಕ್ಕೆ ಹೋಗಿ, ಗೋಡೆಯ ಮೇಲಿದ್ದ ಹಲವು ಚಿತ್ರಗಳು ಖೋಟಾ ಎಂದು ತಾವೇ ಗುರುತಿಸಬೇಕಾಯಿತು. ಕಲಾವಿದ ಬದುಕಿದ್ದಾಗಲೇ ಹೀಗಾದರೆ, ಸತ್ತವರ ಪರವಾಗಿ ಹೇಳುವವರು ಯಾರು?

ಈಗ ನಾನು ಬದುಕಿರುವ ಗೋವೆಯ ಕಲಾವಿದರಿಂದ, ಅವರ ಮನೆಗೇ ಹೋಗಿ, ಬಿಲ್ ಪಡೆದು ಮಾತ್ರ ಕೊಳ್ಳುತ್ತೇನೆ. ನಿಮ್ಮ ಹಜಾರದಲ್ಲೂ ಹಿರಿಯರು ತಂದ ಚಿತ್ರವೊಂದಿದ್ದರೆ, ಅದು ಯಾರಿಂದ, ಯಾವ ವರ್ಷ, ಹೇಗೆ ಬಂತೆಂದು ಅವರಿಂದಲೇ ಬರೆಸಿ ಸಹಿ ಹಾಕಿಸಿ. ಹಳೆಯ ಆಲ್ಬಮ್ಮಿನಲ್ಲಿ ಆ ಗೋಡೆ ಕಾಣುವ ಫೋಟೊ ಇದ್ದರೆ ಜೋಪಾನವಾಗಿ ತೆಗೆದಿಡಿ. ಅವರು ಇರುವಾಗಲೇ ಈ ಕೆಲಸ ಮಾಡಿ.